ಬ್ಯಾಕ್ಟೀರಿಯಾ ಸೀಸವನ್ನು ತಿಂದುಹಾಕುತ್ತದೆಯೇ?

ಪ್ರಶ್ನೆ: ನಾನಿರುವುದು ಹಿಂದೂಪುರ, ತವರು ಕಲ್ಯಾಣದುರ್ಗದ ಕಡೆ. ಕಾರ್ಖಾನೆ ನೀರಿನಲ್ಲಿರುವ ಸೀಸ, ಕ್ರೋಮಿಯಂಗಳನ್ನು ಬ್ಯಾಕ್ಟೀರಿಯಾ ತಿಂದುಹಾಕುತ್ತವಂತೆ, ನಿಜವೇ? ನಮ್ಮ ಬೋರ್‌ವೆಲ್‌ಗೂ ಬಿಡಬಹುದೇ?
– ಓದುಗರೊಬ್ಬರು, ಹಿಂದೂಪುರ

ಉತ್ತರ: ತಿಂದುಹಾಕುವುದಿಲ್ಲ. ಚೆಲ್ಲಿದ ಎಣ್ಣೆಯನ್ನು ಒಡೆದು ಇಲ್ಲವಾಗಿಸುವ ಬ್ಯಾಕ್ಟೀರಿಯಾಗಳುಂಟು, ಆದರೆ ಸೀಸ ಮೂಲಧಾತು. ಅದನ್ನು ಒಡೆಯುವುದು ಯಾವ ಜೀವಿಗೂ ಆಗದು. ನೀರಿನಲ್ಲಿ ಕರಗಿ ಓಡಾಡುವ ಲೋಹವನ್ನು ಕರಗದ ರೂಪಕ್ಕೆ ತಿರುಗಿಸಿ ತಳಕ್ಕೆ ಕೂರಿಸುವುದಷ್ಟೇ ಅವುಗಳ ಕೆಲಸ. ಹಾಗೆ ಕೂತ ಕೆಸರನ್ನು ಎತ್ತಿ ಸಾಗಿಸುವ ಹೊಣೆ ಮನುಷ್ಯರದೇ.

ಕ್ರೋಮಿಯಂನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅದರ ಆರು ವೇಲೆನ್ಸಿಯ ರೂಪ ಸಲೀಸಾಗಿ ಕರಗುತ್ತದೆ, ಕ್ಯಾನ್ಸರ್ ತರುತ್ತದೆ. ಮೂರು ವೇಲೆನ್ಸಿಯದು ಅಷ್ಟಾಗಿ ಕರಗದು, ವಿಷವೂ ಕಡಿಮೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಲಕ್ಷಕ್ಕೂ ಹೆಚ್ಚು ಟನ್ ತ್ಯಾಜ್ಯ ಬಿಟ್ಟುಹೋಯಿತು. ಮದ್ರಾಸ್ ಐಐಟಿಯ ಸಂಶೋಧಕರು ಆ ಕೆಟ್ಟ ಮಣ್ಣಿನಲ್ಲೇ ಬದುಕಿ ಉಳಿದ ಬ್ಯಾಕ್ಟೀರಿಯಾಗಳನ್ನು ಆರಿಸಿ, ಬೆಳೆಸಿ, ಮೊದಲ ರೂಪವನ್ನು ಎರಡನೆಯದಕ್ಕೆ ತಿರುಗಿಸಿ ತೋರಿಸಿದರು. ಅವಕ್ಕೆ ಕೊಟ್ಟ ಮೇವು ಕಾಕಂಬಿ! ಬೆಲ್ಲದ ಮಂಡಿಗೆ ಹೆಸರಾದ ನಿಮ್ಮೂರಲ್ಲಿ ಮೇವಿಗೆ ಬರವಿರಲಾರದು.

ಕಾರ್ಖಾನೆಯ ಬಾಗಿಲಲ್ಲೇ ಈ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು. ನೆದರ್ಲೆಂಡ್ಸಿನ ಬುಡೆಲ್‌ನ ಸತು ಕಾರ್ಖಾನೆಯಲ್ಲಿ 1992ರಿಂದ ಸಲ್ಫೇಟನ್ನು ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾಗಳನ್ನು ತೊಟ್ಟಿಯಲ್ಲಿ ಸಾಕಿದ್ದಾರೆ. ಸಲ್ಫೈಡ್ ಸೇರಿದ ಸತು ತಳಕ್ಕೆ ಕೂರುತ್ತದೆ, ಅದು ಮತ್ತೆ ಕುಲುಮೆಗೆ ಹೋಗುತ್ತದೆ. ಹಿಂದೂಪುರದ ಸುತ್ತಿನ ಕೈಗಾರಿಕೆಗಳಿಂದ ಕೇಳಬೇಕಾದದ್ದು ಇಂಥ ತೊಟ್ಟಿಯನ್ನು.

ಬೋರ್‌ವೆಲ್ ಮಾತು ಬೇರೆ. ಅಮೆರಿಕದ ಕೊಲರಾಡೊದ ರೈಫಲ್‌ನಲ್ಲಿ 2002ರಲ್ಲಿ ಯುರೇನಿಯಂ ಬೆರೆತ ಅಂತರ್ಜಲಕ್ಕೆ ಅಸಿಟೇಟ್ ಹಾಯಿಸಿದರು. ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದು ಯುರೇನಿಯಂ ಇಳಿಯಿತು. ಆಮೇಲೆ ಸಲ್ಫೇಟ್ ಬಳಸುವ ಬೇರೆ ಬ್ಯಾಕ್ಟೀರಿಯಾಗಳ ಕೈ ಮೇಲಾಯಿತು, ಯುರೇನಿಯಂ ಮತ್ತೆ ಏರತೊಡಗಿತು. ಸುತ್ತಲೂ ತಪಾಸಣೆ ಬಾವಿ ತೋಡಿ ಕಾದು ಕೂತ ವಿಜ್ಞಾನಿಗಳ ಪಾಡೇ ಹೀಗೆ.

ನಿಮ್ಮ ಸೀಮೆಯ ನೀರಿಗೆ ಕಲ್ಲಿನಿಂದಲೇ ಬರುವ ಕಾಟವೂ ಇದೆ. ಗಡಿಯಾಚೆಯ ಚಿಕ್ಕಬಳ್ಳಾಪುರ, ಕೋಲಾರಗಳ ಕೊಳವೆಬಾವಿಗಳಲ್ಲಿ ಯುರೇನಿಯಂ ಮಿತಿ ಮೀರಿದ ಕಡೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಗ್ರಾನೈಟ್ ಕಲ್ಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಿಮ್ಮ ತವರಿನ ಅನಂತಪುರ ಜಿಲ್ಲೆಯ ಹಳೆಯ ಪಿಡುಗು ಫ್ಲೋರೈಡ್. ಅದು ಲೋಹವೇ ಅಲ್ಲ, ಈ ಬ್ಯಾಕ್ಟೀರಿಯಾಗಳಿಂದ ಅದಕ್ಕೆ ಏನೂ ಆಗದು. ಕುಡಿಯುವ ನೀರಿನಲ್ಲಿ ಇವೆರಡನ್ನೂ ಆರ್‌ಒ ಯಂತ್ರ ತಗ್ಗಿಸಬಲ್ಲದು.

ಆದ್ದರಿಂದ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಮಾಮೂಲಿ ಪರೀಕ್ಷೆಯಲ್ಲಿ ಲೋಹಗಳು ಸೇರಿರುವುದು ಕಡಿಮೆ. ಫ್ಲೋರೈಡ್, ಯುರೇನಿಯಂ, ಸೀಸ, ಕ್ರೋಮಿಯಂ ಎಂದು ಹೆಸರು ಹಿಡಿದು ಕೇಳಿ. ಬೋರ್‌ವೆಲ್‌ಗೆ ಮಾತ್ರ ಬ್ಯಾಕ್ಟೀರಿಯಾ ಪುಡಿ ಎಂದು ಯಾರು ಏನೇ ಮಾರಿದರೂ ಸುರಿಯಬೇಡಿ.