ಮ್ಯಾನುವಲ್ ಕಳೆದುಹೋದ ಇಪ್ರಾಮ್ ಪ್ರೋಗ್ರಾಮರ್‌ನ ಮತ್ತೆ ಓಡಿಸೋದು ಹೇಗೆ?

ಲ್ಯಾಬಿನ ಹಳೇ ಬೋರ್ಡ್‌ಗಳಲ್ಲಿ ಪುಟ್ಟ ಗಾಜಿನ ಕಿಟಕಿ ಇರೋ, ಅದರ ಮೇಲೆ ಸ್ಟಿಕ್ಕರ್ ಅಂಟಿಸಿರೋ ಚಿಪ್‌ಗಳನ್ನು ನೀವೆಲ್ಲ ನೋಡಿರ್ತೀರಿ. ಅವೇ ಇಪ್ರಾಮ್‌ಗಳು. 1971ರಲ್ಲಿ ಇಂಟೆಲ್‌ನಲ್ಲಿದ್ದ ಡೋವ್ ಫ್ರೋಮನ್ ಇದನ್ನು ಕಂಡುಹಿಡಿದರು. ಮೊದಲ ಚಿಪ್ 1702ರಲ್ಲಿ ಹಿಡಿಸ್ತಿದ್ದದ್ದು ಬರೀ 256 ಬೈಟ್. ನಾವು ಮೈಕ್ರೋಪ್ರೊಸೆಸರ್ ಲ್ಯಾಬಲ್ಲಿ ಬಳಸೋ 8085 ಕಿಟ್‌ಗಳ ಮಾನಿಟರ್ ಪ್ರೋಗ್ರಾಂ ಕೂಡ ಇಂಥ ಚಿಪ್‌ಗಳಲ್ಲೇ ಇರುತ್ತೆ.

ಇದರೊಳಗಿನ ಪ್ರತಿ ಬಿಟ್ ಅಂದ್ರೆ ಒಂದು ತೇಲುವ ಗೇಟ್ ಮೇಲೆ ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳು. ವರ್ಷಗಳು ಕಳೆದಂತೆ ಅವು ನಿಧಾನಕ್ಕೆ ಸೋರಿಹೋಗುತ್ವೆ. ಸ್ಟಿಕ್ಕರ್ ಕಿತ್ತು ನೇರ ಬಿಸಿಲಿಗಿಟ್ಟರೆ ಸುಮಾರು ಒಂದೇ ವಾರದಲ್ಲಿ ಎಲ್ಲ ಅಳಿಸಿಹೋಗಬಹುದು. ಬೇರೆಲ್ಲೂ ಪ್ರತಿ ಇಲ್ಲದ ಪ್ರೋಗ್ರಾಂ ಆದ್ರೆ, ಅಲ್ಲಿಗೆ ಕಥೆ ಮುಗೀತು. ಅದಕ್ಕೇ ಈ ಚಿಪ್‌ಗಳನ್ನು ಓದೋಕೆ, ಬರೆಯೋಕೆ ಪ್ರೋಗ್ರಾಮರ್ ಅನ್ನೋ ಸಾಧನ ಬೇಕು.

ಹೊಸ ಯುಎಸ್‌ಬಿ ಪ್ರೋಗ್ರಾಮರ್ ತಗೊಂಡ್ರೆ ಆಯ್ತಲ್ವಾ ಅಂತ ಕೇಳಬಹುದು. ಹೊಸ ಚಿಪ್‌ಗಳಿಗೆ ಸರಿ. ಆದ್ರೆ 2716 ಬರೆಯೋಕೆ 25 ವೋಲ್ಟ್ ಬೇಕು. ಜನಪ್ರಿಯವಾಗಿದ್ದ ಟಿಎಲ್866-2 ಪ್ಲಸ್ ಕೊಡೋದು ಗರಿಷ್ಠ 18 ವೋಲ್ಟ್. ಹಾಗಾಗಿ ಹವ್ಯಾಸಿಗಳು 80ರ ದಶಕದಲ್ಲಿ ಕಟ್ಟಿದ ಹಳೇ ಪ್ರೋಗ್ರಾಮರ್‌ಗಳಿಗೆ ಇನ್ನೂ ಬೆಲೆ ಇದೆ. ತೊಂದರೆ ಏನಂದ್ರೆ, ಬೋರ್ಡ್ ಸಿಗುತ್ತೆ, ಮ್ಯಾನುವಲ್ ಸಿಗಲ್ಲ. ಫ್ಲಾಪಿ ಅಂತೂ ಯಾವತ್ತೋ ಹೋಗಿರುತ್ತೆ. ಹುಡುಕೋದು ಹೇಗೆ? ಒಂದೊಂದೇ ಹೆಜ್ಜೆ ನೋಡೋಣ.

1. ಮೊದಲು ಬೋರ್ಡನ್ನೇ ಓದಿ

ಪವರ್ ಕೊಡಬೇಡಿ. ಎರಡೂ ಬದಿಯ ಫೋಟೋ ತೆಗೀರಿ. ಪಿಸಿಬಿ ಮೇಲಿನ ಹೆಸರು, ಆವೃತ್ತಿ ಸಂಖ್ಯೆ, ಐಸಿ ನಂಬರ್‌ಗಳು ಎಲ್ಲವನ್ನೂ ಬರೆದುಕೊಳ್ಳಿ. 8255 ಕಂಡ್ರೆ ಅದು ಪೋರ್ಟ್ ಚಿಪ್. ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು, ಸಾಕೆಟ್‌ನ ಯಾವ ಪಿನ್ ಯಾವ ಪೋರ್ಟ್‌ಗೆ ಹೋಗುತ್ತೆ ಅಂತ ನೋಡಿದರೆ ಅರ್ಧ ಸರ್ಕ್ಯೂಟ್ ಕೈಗೆ ಬಂದ ಹಾಗೆ. ವಿಲೆಮ್ ಅನ್ನೋ ಪ್ಯಾರಲಲ್ ಪೋರ್ಟ್ ಪ್ರೋಗ್ರಾಮರ್‌ನಲ್ಲಿ ಆವೃತ್ತಿ ಸಂಖ್ಯೆ ತುಂಬಾ ಮುಖ್ಯ. ಸಾಫ್ಟ್‌ವೇರ್‌ನಲ್ಲಿ ಅದೇ ಪಿಸಿಬಿ ಆಯ್ಕೆ ಮಾಡಬೇಕು. ಡಿಐಪಿ ಸ್ವಿಚ್‌ಗಳು ಹೇಗಿರಬೇಕು ಅಂತ ಆ ಸಾಫ್ಟ್‌ವೇರೇ ಚಿತ್ರ ತೋರಿಸುತ್ತೆ.

2. ಚಿಪ್‌ನ ಡೇಟಾಶೀಟ್ ಹುಡುಕಿ

ಪ್ರೋಗ್ರಾಮರ್ ಮಾಡಿದವರು ಅಂಗಡಿ ಮುಚ್ಚಿರಬಹುದು, ಆದ್ರೆ ಚಿಪ್‌ನ ಡೇಟಾಶೀಟ್ ಉಳಿದಿರುತ್ತೆ. ಬಿಟ್‌ಸೇವರ್ಸ್ ಸಂಗ್ರಹದಲ್ಲಿ ಹಳೇ ಡೇಟಾಬುಕ್‌ಗಳ ಸ್ಕ್ಯಾನ್‌ಗಳು ರಾಶಿ ರಾಶಿ ಇವೆ. ಕಂಪನಿ ಹೆಸರು ಸೇರಿಸಿಯೇ ಹುಡುಕಿ, ಯಾಕಂದ್ರೆ ನಂಬರ್ ಒಂದೇ ಇದ್ರೂ ಚಿಪ್ ಬೇರೆ ಇರಬಹುದು. ಇಂಟೆಲ್ 2716 ಓದೋಕೆ 5 ವೋಲ್ಟ್ ಒಂದೇ ಸಾಕು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್2716ಕ್ಕೆ +5, -5, +12 ಮೂರೂ ಬೇಕು. ಇಂಟೆಲ್ 2716ಕ್ಕೆ ಸಮನಾದದ್ದು ಅವರ ಟಿಎಂಎಸ್2516. ಕೊನೆಯ ಒಂದು ಅಕ್ಷರ ಕೂಡ ಮುಖ್ಯ: 2732ಕ್ಕೆ 25 ವೋಲ್ಟ್, 2732ಎ-ಗೆ 21. 2764ಕ್ಕೆ 21, 2764ಎ-ಗೆ 12.5. ತಪ್ಪು ವೋಲ್ಟೇಜ್ ಕೊಟ್ರೆ ಚಿಪ್ ಸುಟ್ಟೇಹೋಗುತ್ತೆ.

3. ಹಳೇ ಪತ್ರಿಕೆ ತಿರುವಿ

ಎಷ್ಟೋ ಪ್ರೋಗ್ರಾಮರ್‌ಗಳು ಪತ್ರಿಕೆಗಳ ಪ್ರಾಜೆಕ್ಟ್‌ಗಳೇ. ಅಮೆರಿಕದ ಬೈಟ್ ಪತ್ರಿಕೆಯಲ್ಲಿ ಸ್ಟೀವ್ ಸಿಯಾರ್ಸಿಯಾ ಬರೀತಿದ್ದ ಸರ್ಕ್ಯೂಟ್ ಸೆಲ್ಲರ್ ಅಂಕಣದಲ್ಲಿ, ಯುರೋಪಿನ ಎಲೆಕ್ಟರ್‌ನಲ್ಲಿ ಇಂಥವು ಪೂರ್ತಿ ಸರ್ಕ್ಯೂಟ್ ಸಮೇತ ಬಂದಿವೆ. ಬೈಟ್‌ನ ಹಳೇ ಸಂಚಿಕೆಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ನಿಮ್ಮ ಬೋರ್ಡ್‌ನ ಹೆಸರು ಸಿಗದಿದ್ರೂ ಅದೇ ಥರದ ಸರ್ಕ್ಯೂಟ್ ಸಿಕ್ಕರೆ ಹೋಲಿಸಿ ನೋಡಬಹುದು.

4. ಸಾಫ್ಟ್‌ವೇರ್ ಸಿಕ್ಕರೂ ಓಡಬೇಕಲ್ಲ!

ಡಾಸ್ ಕಾಲದ ಪ್ರೋಗ್ರಾಂಗಳು ಹೆಕ್ಸ್ 378 ವಿಳಾಸದ ಪ್ಯಾರಲಲ್ ಪೋರ್ಟ್‌ಗೆ ನೇರವಾಗಿ ಬರೀತಿದ್ವು. ವಿಂಡೋಸ್ ಎಕ್ಸ್‌ಪಿ ಮತ್ತು ಆಮೇಲಿನವು ಸಾಮಾನ್ಯ ಪ್ರೋಗ್ರಾಂಗಳಿಗೆ ಇದನ್ನು ಬಿಡಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸೋ ಕೇಬಲ್ ಪ್ರಿಂಟರ್‌ಗೆ ಅಂತ ಮಾಡಿದ್ದು, ಇಲ್ಲಿ ಕೆಲಸಕ್ಕೆ ಬರಲ್ಲ. ನಿಜವಾದ ಪೋರ್ಟ್ ಇರೋ ಹಳೇ ಪಿಸಿ, ಅದರಲ್ಲಿ ಫ್ರೀಡಾಸ್: ಇದೇ ಸುಲಭದ ದಾರಿ. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲೊಮ್ಮೆ ಹುಡುಕಿ ನೋಡಿ. ಇನ್ನೊಂದು ವಿಷಯ. 2716ರಲ್ಲಿ ಪ್ರತಿ ಬೈಟ್ ಬರೆಯೋಕೆ 50 ಮಿಲಿಸೆಕೆಂಡ್ ಪಲ್ಸ್ ಬೇಕು, ಅಂದ್ರೆ 2048 ಬೈಟ್‌ಗೆ ಸುಮಾರು 102 ಸೆಕೆಂಡ್. ಲೂಪ್ ಎಣಿಸಿ ಸಮಯ ಅಳೆಯೋ ಪ್ರೋಗ್ರಾಂ ಆದ್ರೆ ವೇಗದ ಪಿಸಿಯಲ್ಲಿ ಈ ಪಲ್ಸ್ ಚಿಕ್ಕದಾಗಿಬಿಡುತ್ತೆ. ಆಸಿಲೋಸ್ಕೋಪ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

5. ಏನೂ ಸಿಗಲಿಲ್ಲಾಂದ್ರೆ?

ಓದೋದಂತೂ ನಮ್ಮ ಕೈಯಲ್ಲೇ ಇದೆ. ಇಂಟೆಲ್ 2716ರಲ್ಲಿ 11 ಅಡ್ರೆಸ್, 8 ಡೇಟಾ ಪಿನ್‌ಗಳಿವೆ. 21 ಮತ್ತು 24ನೇ ಪಿನ್‌ಗೆ 5 ವೋಲ್ಟ್ ಕೊಡಿ. 12, 18, 20ನೇ ಪಿನ್‌ಗಳನ್ನು ಗ್ರೌಂಡ್ ಮಾಡಿ. ಉಳಿದ 19 ಪಿನ್‌ಗಳನ್ನು ಆರ್ಡುಯಿನೋ ಮೆಗಾಗೆ ಜೋಡಿಸಿ. 0ಯಿಂದ 2047ರವರೆಗೆ ಒಂದೊಂದೇ ಅಡ್ರೆಸ್ ಕೊಟ್ಟು, ಕೆಲವು ಮೈಕ್ರೋಸೆಕೆಂಡ್ ಕಾದು, ಡೇಟಾ ಓದಿಕೊಳ್ಳಿ. ಮೂರು ಸಲ ಓದಿ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಬಂದ್ರೂ ಮೊದಲು ವಯರಿಂಗ್ ನೋಡಿ. ಅದು ಸರಿ ಇದ್ರೆ ಚಿಪ್ ಸೋರ್ತಾ ಇದೆ ಅಂತ ಅನುಮಾನಪಡಿ.

ಉಳಿಸುವಾಗ ಇಂಟೆಲ್ ಹೆಕ್ಸ್ ರೂಪ ಒಳ್ಳೇದು. ಪ್ರತಿ ಸಾಲು ಕೋಲನ್‌ನಿಂದ ಶುರುವಾಗುತ್ತೆ, ಕೊನೆಯ ಬೈಟ್ ಚೆಕ್‌ಸಮ್. ಸಾಲಿನ ಎಲ್ಲ ಬೈಟ್‌ಗಳನ್ನು ಕೂಡಿದರೆ ಕೆಳಗಿನ 8 ಬಿಟ್‌ಗಳು ಸೊನ್ನೆ ಆಗಬೇಕು. ಆಗಲಿಲ್ಲ ಅಂದ್ರೆ ಆ ಸಾಲು ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಈ ಕ್ರಮ ನೆನಪಿರಲಿ: ಮೊದಲು ಓದಿ ಉಳಿಸಿ, ಆಮೇಲೆ ಖಾಲಿ ಚಿಪ್ ಮೇಲೆ ಬರೆಯೋದು ಕಲೀರಿ. ಮೂಲ ಚಿಪ್ ಮೇಲೆ ಪ್ರಯೋಗ ಬೇಡ. ಬೋರ್ಡ್ ಬಗ್ಗೆ ನೀವು ಕಂಡುಕೊಂಡದ್ದನ್ನು, ಪಿನ್ ಪಟ್ಟಿಯನ್ನು, ಫೋಟೋಗಳನ್ನು ಹೆಕ್ಸ್ ಫೈಲ್ ಜೊತೆಗೇ ಒಂದು ಫೋಲ್ಡರಲ್ಲಿಟ್ಟು ಲ್ಯಾಬಿಗೆ ಕೊಡಿ. ಮುಂದಿನ ಬ್ಯಾಚಿನವರಿಗೆ ಇಲ್ಲದ ಮ್ಯಾನುವಲ್ ಅದೇ ಆಗುತ್ತೆ.