ಗಾಡಿ ತಿರುಗುವಾಗ ‘ಕಟ ಕಟ’ ಎಂದರೆ ಕಿವಿಗೊಡೋಣ
(ಸಂಘದ ಸಭೆಗಾಗಿ ಈ ತಿಂಗಳ ಪಾಠ)



ಹಸು, ಕೋಳಿ, ಹೊಲಿಗೆ ಯಂತ್ರಕ್ಕೆ ಸಾಲ ಪಡೆಯುವುದು ನಮ್ಮ ಸಂಘಗಳಲ್ಲಿ ಹಳೆಯ ಮಾತು. ಈಗ ಬಾಡಿಗೆಗೆ ಓಡಿಸಲು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲೂ ಸದಸ್ಯೆಯರು ಸಾಲ ಕೇಳುತ್ತಾರೆ. ಒಳ್ಳೆಯದೇ. ಆದರೆ ಹಸುವಿಗೆ ಜ್ವರ ಬಂದರೆ ಕಿವಿ ಮುಟ್ಟಿ ನೋಡಿ ಹೇಳುವ ನಾವು, ಕಾರಿನ ವಿಷಯ ಬಂದಾಗ “ಅದೆಲ್ಲ ಗಂಡಸರಿಗೆ ಗೊತ್ತು” ಎಂದು ಸುಮ್ಮನಾಗುತ್ತೇವೆ. ಸಾಲದ ಪತ್ರದ ಮೇಲೆ ಸಹಿ ನಮ್ಮದು, ಕಂತು ಕಟ್ಟುವವರೂ ನಾವೇ. ಹಾಗಾದರೆ ಗಾಡಿಯ ಕಾಯಿಲೆಯೂ ನಮಗೆ ಸ್ವಲ್ಪ ತಿಳಿದಿರಬೇಡವೇ?

ಒಂದು ಸಂಘದ ಸದಸ್ಯೆ ತನ್ನ ಮಗನಿಗೆ ಹಳೆಯ ಕಾರು ತೆಗೆಸಿಕೊಟ್ಟಿದ್ದರು. ಅವರು ನಮ್ಮೊಡನೆ ಹೇಳಿದ ಮಾತು ಇದು: “ಸಿಸ್ಟರ್, ಸಂಜೆ ಅಂಗಳಕ್ಕೆ ತಿರುಗಿಸುವಾಗ ದಿನಾ ಕಟ ಕಟ ಅಂತ ಕೇಳ್ತಿತ್ತು. ಮಗನಿಗೆ ಹೇಳಿದೆ. ‘ಗಾಡಿ ಓಡ್ತದಲ್ಲ ಅಮ್ಮಾ, ನಿನಗ್ಯಾಕೆ ಚಿಂತೆ’ ಅಂದ. ನಾನೂ ಸುಮ್ಮನಾದೆ.” ಎರಡು ತಿಂಗಳ ನಂತರ ಬಾಡಿಗೆ ಮುಗಿಸಿ ಬರುವಾಗ ಘಾಟಿ ರಸ್ತೆಯ ಏರಿನಲ್ಲಿ ಗಾಡಿ ನಿಂತಿತು. ಇಂಜಿನ್ ಓಡುತ್ತಿದೆ, ಗೇರು ಬೀಳುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಎಳೆದು ತಂದ ಖರ್ಚು, ಹೊಸ ಆಕ್ಸಲ್‌ನ ಖರ್ಚು, ಐದು ದಿನದ ಬಾಡಿಗೆ ನಷ್ಟ. ಆ ತಿಂಗಳ ಕಂತು ತಪ್ಪಿತು. ಕಾಯಿಲೆಯನ್ನು ಮೊದಲು ಕೇಳಿಸಿಕೊಂಡದ್ದು ತಾಯಿಯ ಕಿವಿ. ಆದರೆ ಅದರ ಹೆಸರು ಅವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಒತ್ತಿ ಹೇಳಲು ಧೈರ್ಯ ಬರಲಿಲ್ಲ.

ಆಕ್ಸಲ್ ಎಂದರೇನು?

ಅಂಬಾಸಿಡರ್ ಕಾರಿನಲ್ಲಿ ಇಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ, ಮುಂದಿನ ಚಕ್ರಗಳೇ ಎಳೆಯುವ ಸಣ್ಣ ಕಾರುಗಳು ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾದವು. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಇಂಡಿಕಾ ಎಲ್ಲವೂ ಇದೇ ಜಾತಿ. ಇವುಗಳಲ್ಲಿ ಗೇರ್‌ಬಾಕ್ಸಿನಿಂದ ಎಡ ಮತ್ತು ಬಲ ಚಕ್ರಕ್ಕೆ ಒಂದೊಂದು ಉಕ್ಕಿನ ದಂಡ ಇರುತ್ತದೆ. ಅದೇ ಆಕ್ಸಲ್.

ಮುಂದಿನ ಚಕ್ರ ಸುತ್ತುತ್ತಲೇ ಎಡಕ್ಕೆ ಬಲಕ್ಕೆ ತಿರುಗಬೇಕು, ಹೊಂಡ ಬಂದರೆ ಮೇಲೆ ಕೆಳಗೆ ಆಡಬೇಕು. ನೆಟ್ಟಗಿನ ದಂಡದಿಂದ ಇದಾಗದು. ಆದ್ದರಿಂದ ನಮ್ಮ ಕಾಲಿಗೆ ಸೊಂಟದಲ್ಲಿ ಒಂದು, ಪಾದದಲ್ಲಿ ಒಂದು ಕೀಲು ಇರುವಂತೆ, ಪ್ರತಿ ಆಕ್ಸಲ್‌ಗೂ ಎರಡು ಕೀಲುಗಳಿವೆ. ಗೇರ್‌ಬಾಕ್ಸಿನ ಹತ್ತಿರ ಒಳಗಿನದು, ಚಕ್ರದ ಹತ್ತಿರ ಹೊರಗಿನದು. ಇವನ್ನು ಸಿ.ವಿ. ಜಾಯಿಂಟ್ ಎನ್ನುತ್ತಾರೆ. ಚಕ್ರ ಎಷ್ಟು ಓರೆಯಾದರೂ ಒಂದೇ ಸಮನಾಗಿ ಸುತ್ತುವಂತೆ ಮಾಡುವುದು ಇವುಗಳ ಕೆಲಸ. ಹೊರಗಿನ ಕೀಲಿನೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಗಾಡಿಗಳಲ್ಲಿ (ಅಂದರೆ ಕೊರೆದ ಸಾಲುಗಳಲ್ಲಿ) ಕೂತಿರುತ್ತವೆ.

ಕೀಲಿನೊಳಗೆ ಗ್ರೀಸ್ ತುಂಬಿ, ಮೇಲೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಯಿರುವ ರಬ್ಬರಿನ ಚೀಲ ಹಾಕಿರುತ್ತಾರೆ. ಇದಕ್ಕೆ ಗ್ಯಾರೇಜಿನಲ್ಲಿ ‘ಬೂಟ್’ ಎನ್ನುತ್ತಾರೆ. ಹೆಚ್ಚಾಗಿ ಕಾಯಿಲೆ ಶುರುವಾಗುವುದು ಈ ರಬ್ಬರಿನಲ್ಲೇ. ವಯಸ್ಸಾಗಿಯೋ ಕಲ್ಲು ತಾಗಿಯೋ ಬೂಟ್ ಹರಿಯುತ್ತದೆ. ಸುತ್ತುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ. ಬೇಸಿಗೆಯ ಧೂಳು, ಮಳೆಗಾಲದ ಕೆಸರು ಒಳಗೆ ಸೇರುತ್ತದೆ. ಆಮೇಲೆ ಗುಂಡುಗಳು ಮಣ್ಣಿನೊಡನೆ ಅರೆದು ಅರೆದು ಸವೆಯುತ್ತವೆ.

ಗುರುತಿಸುವುದು ಹೇಗೆ?

1. ಕಪ್ಪು ಗ್ರೀಸ್: ಮುಂದಿನ ಚಕ್ರದ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ್ದರೆ ಬೂಟ್ ಹರಿದಿದೆ ಎಂದು ತಿಳಿಯಿರಿ. ಇದು ಮೊದಲ ಸೂಚನೆ. ಈ ಹಂತದಲ್ಲಿ ಶಬ್ದ ಇರದೇ ಇರಬಹುದು.

2. ತಿರುಗುವಾಗ ಕಟ ಕಟ: ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಚಲಿಸುವಾಗ ಈ ಶಬ್ದ ಬಂದು, ವೇಗ ಹೆಚ್ಚಿದಂತೆ ಬೇಗ ಬೇಗ ಕೇಳಿದರೆ ಹೊರಗಿನ ಕೀಲು ಸವೆದಿದೆ ಎಂದರ್ಥ.

3. ಏರಿನಲ್ಲಿ ನಡುಕ: ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗಿ, ಕಾಲು ತೆಗೆದಾಗ ಕಡಿಮೆಯಾದರೆ ಒಳಗಿನ ಕೀಲಿನ ಮೇಲೆ ಸಂಶಯ ಪಡಬೇಕು. ಆದರೆ ಇಂಜಿನ್ ಮೌಂಟಿಂಗ್ ಹಾಳಾದರೂ ನಡುಕ ಬರುತ್ತದೆ. ಮೆಕ್ಯಾನಿಕ್ ನೋಡಿಯೇ ನಿರ್ಧರಿಸಲಿ.

4. ಮುಂದಿನ ಗೇರಿನಿಂದ ರಿವರ್ಸಿಗೆ ಹಾಕಿ ಗಾಡಿ ಎತ್ತುವಾಗ ‘ಟಕ್’ ಎಂಬ ಹೊಡೆತ: ಕೀಲು ಸಡಿಲವಾಗಿರಬಹುದು.

ಎಲ್ಲ ಶಬ್ದವೂ ಆಕ್ಸಲ್‌ನದ್ದಲ್ಲ. ನೇರ ಹೋಗುವಾಗಲೂ ‘ಗೊಂಯ್’ ಎಂದು ಬಂದು ವೇಗದೊಡನೆ ಏರುವ ಶಬ್ದ ಹೆಚ್ಚಾಗಿ ಬೇರಿಂಗಿನದು ಅಥವಾ ಟಯರಿನದು. ಹೊಂಡಕ್ಕೆ ಬಿದ್ದಾಗ ಮಾತ್ರ ‘ದಡ್’ ಎನ್ನುವುದು ಸಸ್ಪೆನ್ಶನ್ನಿನದು. ಓಮ್ನಿ, ಈಕೋ ಗಾಡಿಗಳಲ್ಲಿ ಹಿಂದಿನ ಚಕ್ರ ತಳ್ಳುತ್ತದೆ. ಅವುಗಳ ಮುಂದಿನ ಚಕ್ರಕ್ಕೆ ಈ ಆಕ್ಸಲ್ ಇಲ್ಲ.

ನಾವೇ ಮಾಡಬಹುದಾದ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಕ್ರದ ಹಿಂದೆ ಟಾರ್ಚ್ ಬಿಟ್ಟರೆ ಹೊರಗಿನ ಬೂಟ್ ಕಾಣುತ್ತದೆ. ಮಡಿಕೆಯಲ್ಲಿ ಬಿರುಕಿದೆಯೇ, ಕ್ಲಿಪ್ ಜಾರಿದೆಯೇ, ಗ್ರೀಸ್ ಒಸರಿದೆಯೇ ನೋಡಿ. ಇನ್ನೊಂದು ಬದಿಯೂ ಹೀಗೆಯೇ. ಬರೀ ಜಾಕ್ ಕೊಟ್ಟು ಎತ್ತಿದ ಗಾಡಿಯ ಅಡಿಗೆ ಯಾರೂ, ಯಾವ ಕಾರಣಕ್ಕೂ ಹೋಗಬಾರದು. ಜಾಕ್ ಜಾರಿದರೆ ಜೀವವೇ ಹೋಗುತ್ತದೆ.

ಆಮೇಲೆ ಮಕ್ಕಳಿಲ್ಲದ ಖಾಲಿ ಮೈದಾನದಲ್ಲಿ ಕಿಟಕಿ ಇಳಿಸಿ, ನಿಧಾನವಾಗಿ ಬಲಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಸುತ್ತು ಓಡಿಸಲು ಹೇಳಿ. ನೀವು ಒಳಗೆ ಕೂತು ಕೇಳಿ.

ರಿಪೇರಿಗೆ ಹೋದಾಗ

ಬೂಟ್ ಮಾತ್ರ ಹರಿದು, ಶಬ್ದ ಇನ್ನೂ ಬಂದಿಲ್ಲವಾದರೆ ಗಾಡಿಯನ್ನು ಬೇಗ ಒಯ್ಯಿರಿ. ಮೆಕ್ಯಾನಿಕ್ ಕೀಲು ಬಿಚ್ಚಿ, ತೊಳೆದು, ಗುಂಡುಗಳಲ್ಲಿ ಗಾಯ ಇಲ್ಲವೆಂದು ನೋಡಿ, ಹೊಸ ಗ್ರೀಸ್ ತುಂಬಿ, ಹೊಸ ಬೂಟ್ ಮತ್ತು ಕ್ಲಿಪ್ ಹಾಕುತ್ತಾರೆ. ಸಿ.ವಿ. ಜಾಯಿಂಟಿಗೆ ಹೇಳಿದ ಗ್ರೀಸನ್ನೇ ಹಾಕಬೇಕು, ಕೈಗೆ ಸಿಕ್ಕಿದ್ದನ್ನಲ್ಲ. ಬೂಟಿಗೆ ನೂರರ ಲೆಕ್ಕದಲ್ಲಿ ಹೋದರೆ, ಆಕ್ಸಲ್‌ಗೆ ಸಾವಿರದ ಲೆಕ್ಕದಲ್ಲಿ ಹೋಗುತ್ತದೆ.

ಕಟ ಕಟ ಶುರುವಾಗಿದ್ದರೆ ಗ್ರೀಸ್ ತುಂಬಿ ಪ್ರಯೋಜನವಿಲ್ಲ. ಸವೆದ ಉಕ್ಕು ಮತ್ತೆ ಬೆಳೆಯುವುದಿಲ್ಲ. ಜಾಯಿಂಟ್ ಅಥವಾ ಪೂರ್ತಿ ಆಕ್ಸಲ್ ಬದಲಿಸಬೇಕು. ಆಗ ಹೀಗೆ ಕೇಳಿ:

– ಯಾವ ಬದಿಯದು ಹಾಳಾಗಿದೆ? ಒಂದು ಹಾಳಾದರೆ ಎರಡನ್ನೂ ಬದಲಿಸಲೇಬೇಕೆಂದಿಲ್ಲ.
– ಹಾಕುವುದು ಹೊಸದೋ, ರಿಪೇರಿ ಮಾಡಿದ್ದೋ, ಗುಜರಿಯದೋ? ಗ್ಯಾರಂಟಿ ಎಷ್ಟು ದಿನ?
– ಆಕ್ಸಲ್ ಎಳೆಯುವಾಗ ಗೇರ್ ಆಯಿಲ್ ಸುರಿಯಬಹುದು. ಮತ್ತೆ ಅಳತೆಗೆ ತುಂಬಿದ್ದಾರೆಯೇ? ಆಯಿಲ್ ಸೀಲ್ ಸರಿಯಿದೆಯೇ?
– ಚಕ್ರದ ನಡುವಿನ ದೊಡ್ಡ ನಟ್ಟನ್ನು ಕಂಪನಿ ಹೇಳಿದ ಅಳತೆಗೆ ಬಿಗಿದು ಲಾಕ್ ಮಾಡಿದ್ದಾರೆಯೇ?

ಹಳೆಯ ಸಾಮಾನು ತೋರಿಸಲು ಹೇಳಿ, ಬಿಲ್ ತೆಗೆದುಕೊಳ್ಳಿ. ಹಣ ಕೊಡುವ ಮೊದಲು ಎರಡು ಬದಿಗೂ ಒಂದೊಂದು ಸುತ್ತು ಓಡಿಸಿ ನೋಡಿ. ಇದು ಸಂಶಯ ಪಡುವುದಲ್ಲ, ನಮ್ಮ ಹಕ್ಕು. ಒಳ್ಳೆಯ ಮೆಕ್ಯಾನಿಕ್ ಬೇಸರಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ. ಆಕ್ಸಲ್ ತುಂಡಾದ ಗಾಡಿಯನ್ನು ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿದರೆ ಅದು ನಿಲ್ಲುವುದಿಲ್ಲ, ಜಾರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೇ ಇಳಿಯಬೇಕು.

ಸಂಘದಲ್ಲಿ ಏನು ಮಾಡೋಣ?

ಹಳೆಯ ಕಾರಿಗೆ ಸಾಲ ಮಂಜೂರು ಮಾಡುವ ಮೊದಲು ಇಬ್ಬರು ಸದಸ್ಯೆಯರು ಹೋಗಿ ಈ ಪರೀಕ್ಷೆ ಮಾಡಿ ಬರಲಿ. ಶಬ್ದವಿದ್ದರೆ ರಿಪೇರಿಯ ಖರ್ಚನ್ನು ಗಾಡಿಯ ಬೆಲೆಯಲ್ಲಿ ಕಡಿಮೆ ಮಾಡಲು ಕೇಳಬಹುದು. ಗಾಡಿ ಬಂದ ಮೇಲೆ ಕಂತಿನ ಜೊತೆ ರಿಪೇರಿಗೆಂದೇ ಪ್ರತಿ ತಿಂಗಳು ಸ್ವಲ್ಪ ಹಣ ಬೇರೆ ಇಡಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬೂಟ್ ನೋಡಬೇಕು.

ಆ ಸಹೋದರಿ ಸಾಲವನ್ನು ಪೂರ್ತಿ ತೀರಿಸಿದ್ದಾರೆ. ಈಗ ಮಗ ಅಂಗಳಕ್ಕೆ ಗಾಡಿ ತಿರುಗಿಸುವಾಗ “ಅಮ್ಮಾ, ಏನಾದರೂ ಕೇಳ್ತದಾ?” ಎಂದು ತಾನೇ ಕೇಳುತ್ತಾನಂತೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಸಾಲದಿಂದ ಎಷ್ಟು ಗಾಡಿಗಳು ಬಂದಿವೆ? ಅವುಗಳ ಬೂಟನ್ನು ಯಾರಾದರೂ ನೋಡಿದ್ದಾರೆಯೇ?
2. ಮನೆಯಲ್ಲಿ ನಾವು ಗಮನಿಸಿದ್ದನ್ನು ಹೇಳಿದಾಗ ಯಾರೂ ಕಿವಿಗೊಡದ ಸಂದರ್ಭ ಇದೆಯೇ? ಆಗ ಏನು ಮಾಡಿದೆವು?
3. ರಿಪೇರಿ ನಿಧಿಗೆ ತಿಂಗಳಿಗೆ ಎಷ್ಟು ಇಡಬಹುದು?