ಹಳೇ ಮಾನಿಟರಿಗೆ ಆಯಸ್ಕಾಂತ ತಾಗಿದೆಯೇ?

ತಮ್ಮಾ, ಮೊಮ್ಮಗ ಸ್ಪೀಕರಿನ ಆಯಸ್ಕಾಂತವನ್ನು ನಿನ್ನ ಹಳೇ ಡಬ್ಬಾ ಮಾನಿಟರಿನ ಮೇಲೆ ಆಡಿಸಿ, ಮೂಲೆಯಲ್ಲಿ ಹಸಿರು-ನೇರಳೆ ಕಲೆ ಕೂರಿಸಿದ್ದಾನೆ ಅಂದೆಯಲ್ಲ. ಗುಜರಿಯವನನ್ನು ಕರೆಯುವ ಮೊದಲು ಇಷ್ಟು ಕೇಳು.

• ಗಾಜು ಒರೆಸಿ ಪ್ರಯೋಜನವಿಲ್ಲ. ಗಾಜಿನ ಹಿಂದೆ ಸಣ್ಣ ಸಣ್ಣ ತೂತುಗಳಿರುವ ತೆಳು ಉಕ್ಕಿನ ತಗಡೊಂದಿದೆ, ಶ್ಯಾಡೋ ಮಾಸ್ಕ್ ಅಂತಾರೆ. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಬರುವ ಎಲೆಕ್ಟ್ರಾನ್ ಕಿರಣಗಳು ಅದರೊಳಗಿಂದ ತೂರಿ ತಮ್ಮ ತಮ್ಮ ಬಣ್ಣದ ಚುಕ್ಕೆಗೇ ಬೀಳಬೇಕು. ತಗಡಿಗೆ ಕಾಂತತ್ವ ಹತ್ತಿದರೆ ದಾರಿ ಓರೆಯಾಗಿ ಪಕ್ಕದ ಚುಕ್ಕೆಗೆ ಬೀಳುತ್ತವೆ. ಒಂದೇ ಬಣ್ಣದ ಹಳೇ ಮಾನಿಟರುಗಳಲ್ಲಿ ಈ ತಗಡೇ ಇಲ್ಲ, ಹಾಗಾಗಿ ಇಂಥ ಕಲೆಯೂ ಉಳಿಯದು.

• ಮೊದಲು ಸ್ಪೀಕರುಗಳನ್ನು ದೂರ ಸರಿಸು.

• ಮೆನುವಿನಲ್ಲಿ ಕಾಂತತ್ವ ತೆಗೆಯುವ 'ಡಿಗಾಸ್' ಇದ್ದರೆ ಒತ್ತು. ಢಂ ಎಂದು ಸದ್ದಾಗಿ ಚಿತ್ರ ನಡುಗುತ್ತದೆ, ಹೆದರಬೇಡ. ಮೆನು ಇಲ್ಲದಿದ್ದರೆ ಮಾನಿಟರನ್ನು ಪೂರ್ತಿ ಆರಿಸಿ ಅರ್ಧ ಗಂಟೆ ಬಿಟ್ಟು ಹಾಕು. ಟ್ಯೂಬಿನ ಸುತ್ತಲಿನ ಕಾಯಿಲ್ ಆನ್ ಮಾಡಿದಾಗ ತಾನೇ ಕೆಲಸ ಮಾಡುತ್ತದೆ. ಆ ಕಾಯಿಲಿಗೆ ಕರೆಂಟು ಬಿಡುವ ಥರ್ಮಿಸ್ಟರ್ ತಣ್ಣಗಾಗದೆ ಎರಡನೇ ಸಲ ಜೋರು ಬರುವುದಿಲ್ಲ. ಪಟಪಟ ಆನ್-ಆಫ್ ಮಾಡುವವರನ್ನು ಬಹಳ ನೋಡಿದ್ದೇನೆ, ದಂಡ. ಒಂದೇ ಸಲಕ್ಕೆ ಹೋಗದಿದ್ದರೂ ಕಲೆ ತಿಳಿಯಾಗುತ್ತಿದ್ದರೆ ದಾರಿ ಸರಿಯಿದೆ.

• ಅದಕ್ಕೂ ಬಗ್ಗದಿದ್ದರೆ ಹಳೇ ಟಿವಿ ಮೆಕ್ಯಾನಿಕನನ್ನು ಹುಡುಕು. ಅವನ ಬಳಿ ಕೈಯಲ್ಲಿ ಹಿಡಿಯುವ ಡಿಗಾಸಿಂಗ್ ಕಾಯಿಲ್ ಇರಬಹುದು. ಪರದೆ ಮುಂದೆ ನಿಧಾನ ಸುತ್ತಿಸುತ್ತ, ಸುತ್ತಿಸುತ್ತಲೇ ಆರಡಿ ಹಿಂದೆ ಬಂದು, ಕಾಯಿಲನ್ನು ಓರೆ ತಿರುಗಿಸಿ ಆಮೇಲೆ ಆಫ್ ಮಾಡಬೇಕು. ಪರದೆ ಹತ್ತಿರವೇ ಆಫ್ ಮಾಡಿದರೆ ಹೊಸ ಕಲೆ ಗ್ಯಾರಂಟಿ. ಕಾಯಿಲ್ ಬೇಗ ಬಿಸಿಯೇರುವುದರಿಂದ ಅರ್ಧ ನಿಮಿಷದ ಮೇಲೆ ಹಿಡಿಯುವುದು ಬೇಡ. ಕ್ಯಾಸೆಟ್, ಫ್ಲಾಪಿ, ಹಾರ್ಡ್ ಡಿಸ್ಕ್, ಎಟಿಎಂ ಕಾರ್ಡ್, ಕೈಗಡಿಯಾರ ಎಲ್ಲ ಪಕ್ಕದ ಕೋಣೆಗೆ ಹೋಗಲಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಹೊತ್ತಿಗೆ ಅತ್ತ ಸುಳಿಯಬಾರದು.

• ಉಲ್ಟಾ ಆಯಸ್ಕಾಂತ ಹಿಡಿದರೆ ಸರಿಯಾಗುತ್ತದೆಂದು ಯಾರಾದರೂ ಹೇಳುತ್ತಾರೆ. ಕೇಳಬೇಡ. ಗಾಯದ ಮೇಲೆ ಬರೆ ಹಾಕಿದ ಹಾಗೆ ಅದು.

• ಹಿಂದಿನ ಮುಚ್ಚಳ ಬಿಚ್ಚಲೇ ಬೇಡ. ಒಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ, ಪ್ಲಗ್ ಕಿತ್ತ ಮೇಲೂ ಟ್ಯೂಬ್ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಟ್ಯೂಬಿನ ಕುತ್ತಿಗೆಯಲ್ಲಿರುವ ಉಂಗುರಗಳನ್ನು ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಒಮ್ಮೆ ಅಲುಗಿದರೆ ಮನೆಯಲ್ಲಿ ಕೂಡಿಸುವುದು ಕಷ್ಟ.

• ಮೇಜು ಬದಲಿಸಿ ಮಾನಿಟರನ್ನು ಬೇರೆ ದಿಕ್ಕಿಗೆ ತಿರುಗಿಸಿದ ಮೇಲೂ ಬಣ್ಣ ಸ್ವಲ್ಪ ಕೆಡಬಹುದು. ಅದು ಭೂಮಿಯದೇ ಕಾಂತತ್ವ. ಒಂದು ಡಿಗಾಸ್ ಸಾಕು. ಸೋನಿ ಟ್ರಿನಿಟ್ರಾನ್ ಆಗಿದ್ದರೆ ಅಡ್ಡಡ್ಡ ಕಾಣುವ ಒಂದೆರಡು ನವಿರಾದ ಗೆರೆಗಳನ್ನು ಕಲೆ ಅಂದುಕೊಳ್ಳಬೇಡ, ಪರದೆಯ ಹಿಂದಿರುವ ತೆಳು ತಂತಿಗಳ ನೆರಳದು.

• ಇಷ್ಟೆಲ್ಲ ಮಾಡಿದರೂ ಕಲೆ ಒಂದಿಷ್ಟೂ ಕದಲದಿದ್ದರೆ ಆಯಸ್ಕಾಂತ ನಿಯೋಡಿಮಿಯಂನಂಥ ಬಲವಾದದ್ದಾಗಿದ್ದು, ತಗಡೇ ಬಾಗಿರಬಹುದು. ಅದಕ್ಕೆ ರಿಪೇರಿ ಇಲ್ಲ, ದುಡ್ಡು ಸುರಿಯಬೇಡ. ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಒಡೆಯದೆ, ಬೀದಿಗೆ ಎಸೆಯದೆ, ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೇ ಕೊಟ್ಟುಬಿಡು.